ಕೇಕು ಹಿಡಿದು ಕೂತವಳು

ಗಾಡಿ ಹತ್ತುವ ಮೊದಲು ಮಹಾನಂದಕ್ಕ ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ, ಬಿಗಿಯಾಗಿ ಸಿಕ್ಕಿಸಿ, ಅದರ ಮೇಲೆ ಮೂರು ಪಿನ್ನು ಹಾಕುತ್ತಿದ್ದಳು. ಆಮೇಲೆ ನೆರಿಗೆಯನ್ನು ಮೊಣಕಾಲ ನಡುವೆ ಒತ್ತಿಕೊಂಡು, ನನ್ನ ಸ್ಕೂಟಿಯ ಹಿಂದೆ ಒಂದು ಮಗ್ಗುಲಾಗಿ ಕೂತು, ‘ಕೊಡು’ ಎನ್ನುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ಊಟದ ಮಣೆ ಇಟ್ಟು, ಮಣೆಯ ಮೇಲೆ ಒದ್ದೆ ಟವೆಲ್ಲು ಹಾಸಿ, ಅದರ ಮೇಲೆ ಕೇಕಿನ ಡಬ್ಬಿ ಇಡುತ್ತಿದ್ದೆ. ಮಣೆಯ ಎರಡೂ ಅಂಚು ಹಿಡಿದು ಆಕೆ ಕಣ್ಣು ಮುಚ್ಚಿದರೆ ಮುಗಿಯಿತು. ತಿಕೋಟಾ ಬರುವ ತನಕ ತೆರೆಯುತ್ತಿರಲಿಲ್ಲ.

“ಕಣ್ಣ ತಗದ್ರ ಅಂಜಿಕಿ ಬರ್ತದ ಬೇ. ಮುಚ್ಚಿದ್ರ ಬರೇ ಗಾಳಿ ಬರ್ತದ” ಎಂದು ಅದಕ್ಕೆ ಕಾರಣ ಕೊಡುತ್ತಿದ್ದಳು.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವರು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಆದರೂ ನಮ್ಮ ಮಾತೆಲ್ಲ ‘ನೀ’ ಅಂತಲೇ. ಅವಳ ಗಂಡ ಮಲ್ಲಣ್ಣ ಬಬಲೇಶ್ವರದ ಒಂದು ಕಚೇರಿಯಲ್ಲಿ ಗುಮಾಸ್ತ, ದಿನಾ ಬೈಕಿನ ಮೇಲೆ ಹೋಗಿ ಬರುವವನು. ನಮ್ಮ ಮನೆಯವರಿಗೆ ಸೊಲ್ಲಾಪುರ ರಸ್ತೆಯಲ್ಲಿ ನಳ-ಪೈಪಿನ ಅಂಗಡಿ. ಮಕ್ಕಳು ಶಾಲೆಗೆ ಹೋದ ಮೇಲೆ ಖಾಲಿ ಬೀಳುತ್ತಿದ್ದ ಹೊತ್ತಿನಲ್ಲಿ ನಾನು ಫೋನು ನೋಡಿ ಕೇಕು ಕಲಿತೆ. ಮೊದಲು ಕುಕ್ಕರಿನಲ್ಲಿ ಉಪ್ಪು ಹಾಸಿ ಬೇಯಿಸಿದೆ, ಆಮೇಲೆ ಪುಟ್ಟದೊಂದು ಓವನ್ನು ಬಂತು. ಸೀದವನ್ನೂ ಕುಸಿದವನ್ನೂ ತಿನ್ನುವ ಪಾಳಿ ನಮ್ಮ ಮನೆಯವರದು. ಆರು ತಿಂಗಳು ತುಟಿಪಿಟಕ್ಕೆನ್ನದೆ ತಿಂದರು. ಒಂದು ದಿನ ಮಾತ್ರ, ಇವತ್ತು ಬರೀ ರೊಟ್ಟಿ ಸಿಗುವುದೇನು ಎಂದು ಬಹಳ ವಿನಯದಿಂದ ಕೇಳಿದರು.

ಮಾಡುವುದು ಕಲಿತೆ, ಮುಟ್ಟಿಸುವುದು ಬರಲಿಲ್ಲ. ನಾನು ಗಾಡಿ ಕಲಿತದ್ದು ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ. ಎದುರಿಗೆ ಲಾರಿ ಬಂದರೆ ಪಕ್ಕಕ್ಕೆ ನಿಂತು, ಅದು ಕಣ್ಮರೆಯಾದ ಮೇಲೆ ಹೊರಡುವ ಪೈಕಿ ನಾನು. ಮೊದಲನೆಯ ಆರ್ಡರಿನ ಕೇಕನ್ನು ಕಾಲ ಹತ್ತಿರ ಇಟ್ಟುಕೊಂಡು ಹೋದೆ. ಡಬ್ಬಿ ತೆರೆದರೆ ಹುಡುಗಿಯ ಹೆಸರು ಮುಚ್ಚಳಕ್ಕೆ ಅಂಟಿಕೊಂಡಿತ್ತು. ಆ ಮನೆಯ ಅಜ್ಜಿ ಮುಚ್ಚಳ ಓದಿ, ಕೇಕು ನೋಡಿ, ಮತ್ತೆ ಮುಚ್ಚಳ ಓದಿದಳು. ಎರಡನೆಯ ಸಲ ನಮ್ಮ ಮನೆಯವರನ್ನೇ ಹಿಂದೆ ಕೂರಿಸಿಕೊಂಡೆ. ಅವರು ಒಂದು ಕೈಯಲ್ಲಿ ಕೇಕು ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು, ಯಾರಿಗೋ ಅರ್ಧ ಇಂಚಿನ ಪೈಪಿನ ರೇಟು ಹೇಳುತ್ತ ಬಂದರು. ಅಂದೇ ಅವರನ್ನು ಕೆಲಸದಿಂದ ತೆಗೆದುಹಾಕಿದೆ.

ತಿಕೋಟಾದಿಂದ ಮೊದಲ ಆರ್ಡರು ಬಂದಾಗ ನಾನು ಸ್ಕೂಟಿಯ ಮುಂದೆ ನಿಂತು ಅಳುವುದೊಂದು ಬಾಕಿ. ಬಿಸಿಲು ಸುಡುತ್ತಿತ್ತು, ಡಬ್ಬಿಯೊಳಗೆ ಕ್ರೀಮು ಮೆತ್ತಗಾಗುತ್ತಿತ್ತು. ಮಹಾನಂದಕ್ಕ ತನ್ನ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಮಣೆ ತಂದಳು. ನಾನು ಹಿಡಿದು ಕೂಡುತ್ತೇನೆ, ನಡೆ ಸುನಂದಾ ಎಂದಳು.

ಆ ದಾರಿಯಲ್ಲೇ ನಮ್ಮ ಪದ್ಧತಿ ಹುಟ್ಟಿತು. ರಸ್ತೆಯಲ್ಲಿ ಬ್ರೇಕರಿನ ಉಬ್ಬು ಕಂಡ ಕೂಡಲೇ ನಾನು ‘ಬಂತು’ ಎನ್ನಬೇಕು. ಅವಳು ಮಣೆಯನ್ನು ತೊಡೆಯಿಂದ ಒಂದು ಗೇಣು ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು. ಏಟು ತೋಳಿಗೆ ಬೀಳುತ್ತಿತ್ತು, ಕೇಕಿಗೆ ತಾಗುತ್ತಿರಲಿಲ್ಲ. ಎರಡೂ ಕೈ ಮಣೆಗೆ ಹೋದ ಮೇಲೆ ತನ್ನನ್ನು ಹಿಡಿದುಕೊಳ್ಳಲು ಅವಳಿಗೆ ಉಳಿಯುತ್ತಿದ್ದುದು ಏನೂ ಇಲ್ಲ. ತಿಕೋಟಾ ಮುಟ್ಟಿದಾಗ ಕೇಕಿನ ಮೇಲಿನ ಗುಲಾಬಿ ಇಟ್ಟ ಹಾಗೇ ಇತ್ತು. ಮಣೆಯ ಅಂಚಿಗೆ ಗಟ್ಟಿಯಾಗಿದ್ದ ಅವಳ ಬೆರಳನ್ನು ನಾನೇ ಬಿಡಿಸಬೇಕಾಯಿತು.

ಬರುವಾಗ ಖಾಲಿ ಮಣೆಯನ್ನೂ ಅದೇ ಬಿಗಿಯಲ್ಲಿ ಹಿಡಿದು ಕೂತಿದ್ದಳು. ಅರ್ಧ ದಾರಿಗೆ ಬಂದ ಮೇಲೆ ನನ್ನ ಬೆನ್ನ ಹಿಂದಿನಿಂದ ಮಾತು ಬಂತು.

“ಲಗ್ನಾದ ದಿನಾ ಇವ್ರು ಒಂದ ಮಾತು ಕೇಳಿದ್ರು. ಬೇಕಾದ್ದು ಮಾಡು, ಗಾಡಿ ಹಿಂದ ಮಾತ್ರ ಕೂಡಬ್ಯಾಡ ಅಂದ್ರು. ಇವ್ರ ಅಕ್ಕನ ಸೆರಗು ಗಾಲ್ಯಾಗ ಸಿಕ್ಕು ಹೋದ್ಳು, ಘೋಣಸಗಿ ಹಾದ್ಯಾಗ. ಗಾಡಿ ಹೊಡಿಯಾಕತ್ತಿದ್ದವ್ರು ಇವ್ರ.”

ಗಾಡಿ ನಿಲ್ಲಿಸಿ ಅವಳ ಸೆರಗು ನೋಡಿದೆ. ಪಿನ್ನು ಇದ್ದಲ್ಲೇ ಇದ್ದವು. ಅಲ್ಲಿಂದ ವಿಜಯಪುರದ ತನಕ ನಾನು ಓಡಿಸಿದ ವೇಗದಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

ಮುಂದಿನ ವಾರ ಅವಳನ್ನು ಕರೆಯಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಗಾಡಿ ಹೊರಗೆ ತೆಗೆಯುವಷ್ಟರಲ್ಲಿ ಆಕೆ ಸೆರಗು ಸುತ್ತಿ, ಪಿನ್ನು ಹಾಕಿ, ಮಣೆ ಹಿಡಿದು ನಿಂತಿದ್ದಳು. ಬೇಡವೆಂದರೆ ಕೇಳಲಿಲ್ಲ. “ಮನ್ಯಾಗ ಕುಂತ್ರೂ ಅಂಜಿಕಿ ಹೋಗಂಗಿಲ್ಲ. ಇಲ್ಲಿ ಕೈಯಾಗ ಒಂದು ಕೆಲಸಾರ ಇರ್ತದ” ಎಂದಳು.

ಮಲ್ಲಣ್ಣ ದಿನಾ ಹನ್ನೊಂದು ಗಂಟೆಗೆ ಕಚೇರಿಯಿಂದ ಫೋನು ಮಾಡುತ್ತಿದ್ದ. ಎರಡನೆಯ ರಿಂಗಿಗೆ ಅವಳು ಎತ್ತಲೇಬೇಕು. ಮೂರನೆಯದು ಬಡಿದರೆ ಅವನ ದನಿ ನಡುಗುತ್ತಿತ್ತು. ದಾರಿಯಲ್ಲಿದ್ದಾಗ ಫೋನು ಬಂದರೆ ನಾನು ಗಾಡಿ ನಿಲ್ಲಿಸಿ, ಅವಳ ಚೀಲದಿಂದ ಫೋನು ತೆಗೆದು ಅವಳ ಕಿವಿಗೆ ಹಿಡಿಯುತ್ತಿದ್ದೆ. ಸಿದ್ಧೇಶ್ವರ ಗುಡಿಯಲ್ಲಿದ್ದೇನೆ ಎನ್ನುತ್ತಿದ್ದಳು. ಒಮ್ಮೆ ಪಕ್ಕದಲ್ಲೇ ಕಬ್ಬಿನ ಟ್ರ್ಯಾಕ್ಟರು ಹಾರ್ನು ಹೊಡೆಯಿತು. ಗುಡಿಯಲ್ಲಿ ಟ್ರ್ಯಾಕ್ಟರು ಎಲ್ಲಿಂದ ಬಂತೆಂದು ಮಲ್ಲಣ್ಣ ಕೇಳಿದ. ಹೊಸದು, ಪೂಜೆಗೆ ತಂದಿದ್ದಾರೆ ಎಂದಳು. ಹೇಳಿದ ಮೇಲೆ ನನಗಿಂತ ಹೆಚ್ಚು ಅವಳೇ ಬೆಚ್ಚಿದ್ದಳು.

ಸುಳ್ಳಿಗೆ ಅವಳಲ್ಲಿ ಒಂದು ಪರಿಹಾರವಿತ್ತು. ಎಷ್ಟೇ ಹೊತ್ತಾಗಿರಲಿ, ಎಷ್ಟೇ ಬಿಸಿಲಿರಲಿ, ಊರಿಗೆ ಬಂದ ಮೇಲೆ ಮನೆಗೆ ಹೋಗುವ ಮೊದಲು ಗುಡಿಯ ಮುಂದೆ ಇಳಿಯುತ್ತಿದ್ದಳು. ಒಳಗೆ ಹೋಗಿ ಒಂದು ನಿಮಿಷ ನಿಂತು ಬರುತ್ತಿದ್ದಳು. ಅಲ್ಲಿದ್ದೇನೆ ಎಂದು ಹೇಳಿಯಾಗಿದೆ, ಈಗ ಅದನ್ನು ಖರೆ ಮಾಡಬೇಕು ಎಂಬುದು ಅವಳ ಲೆಕ್ಕ. ದೇವರು ಹೊತ್ತು ಗೊತ್ತು ನೋಡುವುದಿಲ್ಲ, ಬಂದಳೋ ಇಲ್ಲವೋ ಅಷ್ಟೇ ನೋಡುತ್ತಾನೆ ಎನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು, ನಗಲು ಹೆದರಿಕೆಯಾಗುತ್ತಿತ್ತು.

ಹೀಗೇ ಚಳಿಗಾಲ ಕಳೆಯಿತು. ಒಂದು ದಿನ ಬಬಲೇಶ್ವರದಿಂದ ಎರಡು ಕೇಜಿ ಪೈನಾಪಲ್ ಕೇಕಿನ ಆರ್ಡರು ಬಂತು. ಯಾರೋ ನಿವೃತ್ತರಾಗುತ್ತಿದ್ದರು, ಹೆಸರು ಬರೆಯಬೇಕಿತ್ತು. ಎಲ್ಲಿಗೆ ತರಬೇಕೆಂದು ನಾನು ಕೇಳಿದ್ದು ಹೊರಡುವ ದಿನ ಬೆಳಿಗ್ಗೆ. ಆಕಡೆಯವರು ಹೇಳಿದ್ದನ್ನು ನಾನು ಬಾಯಲ್ಲಿ ಜೋರಾಗಿ ಹೇಳಿಕೊಂಡು ಬರೆದುಕೊಂಡೆ. ತಲೆ ಎತ್ತಿದರೆ, ಪಿನ್ನು ಹಾಕುತ್ತಿದ್ದ ಮಹಾನಂದಕ್ಕನ ಕೈ ನಿಂತುಬಿಟ್ಟಿತ್ತು. ಅದು ಮಲ್ಲಣ್ಣನ ಕಚೇರಿ.

ಒಬ್ಬಳೇ ಹೋಗುತ್ತೇನೆ, ಮೆಲ್ಲಗೆ ಹೋಗುತ್ತೇನೆ ಎಂದೆ. ಅವಳು ಡಬ್ಬಿಯ ಮುಚ್ಚಳ ಎತ್ತಿ ನೋಡಿದಳು. ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಕ್ರೀಮಿನ ಅಂಚು ಆಗಲೇ ಮಿರುಗುತ್ತಿತ್ತು. ಒಬ್ಬಳೇ ಹೋದರೆ ಇದು ಸಾರಾಗುತ್ತದೆ ಎಂದು ಹೇಳಿ, ಉಳಿದ ಪಿನ್ನು ಚುಚ್ಚಿಕೊಂಡಳು. ಕಚೇರಿಗೆ ಮೊದಲೇ ಒಂದು ಬೇವಿನ ಮರ ಬರುತ್ತದೆ, ತಾನು ಅಲ್ಲಿ ಇಳಿದು ನಿಲ್ಲುವುದು, ಅಲ್ಲಿಂದ ನಾನು ಕೇಕು ಹಿಡಿದು ನಡೆದು ಹೋಗುವುದು ಎಂದು ಠರಾವು ಮಾಡಿದೆವು.

ದಾರಿಯುದ್ದಕ್ಕೂ ‘ಬಂತು’ ಎನ್ನುವುದಷ್ಟೇ. ಬಬಲೇಶ್ವರದ ಮನೆಗಳು ಶುರುವಾದಾಗ ಅವಳ ಚೀಲದಲ್ಲಿ ಫೋನು ಬಡಿಯಿತು. ಹನ್ನೊಂದು ಗಂಟೆ. ನಾನು ಬ್ರೇಕು ಹಿಡಿದೆ.

“ನಿಲ್ಲಸಬ್ಯಾಡ” ಎಂದಳು. “ಇಷ್ಟ ಸಮೀಪ ಬಂದೀವಿ. ಈಗ ಎತ್ತಿದ್ರ ಅವ್ರಿಗೆ ಕಿಟಕ್ಯಾಗ ಕೇಳೋ ಹಾರ್ನ ಫೋನ್‌ನಾಗೂ ಕೇಳ್ತದ.”

ಫೋನು ಬಡಿದು ನಿಂತಿತು. ಮತ್ತೆ ಬಡಿಯಿತು. ಮೂರನೆಯ ಸಲ, ನಾಲ್ಕನೆಯ ಸಲ. ಮಣೆಯ ಅಂಚು ನನ್ನ ಬೆನ್ನಿಗೆ ಒತ್ತಿತು. ಬೇವಿನ ಮರಕ್ಕೆ ಇನ್ನು ಸ್ವಲ್ಪವೇ ದೂರವಿತ್ತು. ಆಗ ಎದುರಿಗೆ ಕಚೇರಿಯ ಗೇಟಿನಿಂದ ಒಂದು ಬೈಕು ಹೊರಬಿತ್ತು. ಹೆಂಡತಿ ಫೋನು ಎತ್ತಲಿಲ್ಲವೆಂದು ಮಲ್ಲಣ್ಣ ಕೆಲಸ ಬಿಟ್ಟು ವಿಜಯಪುರಕ್ಕೆ ಹೊರಟಿದ್ದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

ನಮ್ಮನ್ನು ನೋಡಿ ಬೈಕು ನಿಲ್ಲಿಸಿದ. ನಾನೂ ನಿಲ್ಲಿಸಿದೆ. ಮಹಾನಂದಕ್ಕ ಎಂದೂ ದಾರಿಯಲ್ಲಿ ತೆರೆಯದ ಕಣ್ಣನ್ನು ತೆರೆದಳು. ಅವನು ಹತ್ತಿರ ಬಂದ. ಬೈಯುತ್ತಾನೆ, ಹೊಡೆದರೂ ಹೊಡೆದಾನು, ಯಾವುದಕ್ಕೆ ಅಡ್ಡ ನಿಲ್ಲಲಿ ಎಂದು ನಾನು ಯೋಚಿಸುತ್ತಿದ್ದೆ.

“ಫೋನ್ ಯಾಕ ಎತ್ತಲಿಲ್ಲ?”

“ಕೈಯಾಗ ಕೇಕ ಇತ್ರಿ.”

ಅವನು ಕೇಕು ನೋಡಿದ. ಸುತ್ತಿದ ಸೆರಗು ನೋಡಿದ, ಪಿನ್ನು ಒಂದೊಂದಾಗಿ ನೋಡಿದ. ಆಮೇಲೆ ಅವಳ ಬೆರಳುಗಳನ್ನು ಮಣೆಯಿಂದ ಬಿಡಿಸಿ, ಡಬ್ಬಿ ಎತ್ತಿಕೊಂಡು ಒಳಗೆ ಹೋದ. ಅವನ ಬೈಕು ನಡುರಸ್ತೆಯಲ್ಲೇ ನಿಂತಿತ್ತು.

ರಜೆ ಹಾಕಿ ಹತ್ತು ನಿಮಿಷದಲ್ಲಿ ಹೊರಗೆ ಬಂದ. ಬಸ್ಸು ಇದೆ, ಬಸ್ಸಿಗೆ ಹೋಗು ಎಂದು ಹೆಂಡತಿಗೆ ಹೇಳಿದ. ಅವಳು ಖಾಲಿ ಮಣೆ ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವನ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸುನಂದಾ ಒಬ್ಬಾಕಿ ಆಗ್ತಾಳ್ರಿ” ಎಂದು ನನ್ನ ಗಾಡಿ ಹತ್ತಿ ಕೂತಳು.

ಮಲ್ಲಣ್ಣ ಬೈಕು ಹತ್ತಿ ನಮ್ಮ ಹಿಂದೆ ಹೊರಟ. ನನ್ನ ಜನ್ಮದಲ್ಲಿ ನಾನು ಅಷ್ಟು ಹೆದರಿದ ದಾರಿ ಇನ್ನೊಂದಿಲ್ಲ. ನಾನು ಇಪ್ಪತ್ತರಲ್ಲಿ ಹೋದರೆ ಅವನೂ ಇಪ್ಪತ್ತು. ನಿಂತರೆ ನಿಂತ. ಮುಂದೆ ಹೋಗಲೆಂದು ಪಕ್ಕಕ್ಕೆ ಸರಿದು ಕೈ ಮಾಡಿದರೆ ಅವನೂ ಪಕ್ಕಕ್ಕೆ ಸರಿದ. ಮಹಾನಂದಕ್ಕ ಹೊರಳಿ ನೋಡುತ್ತಿರಲಿಲ್ಲ. ಸ್ವಲ್ಪ ಸ್ವಲ್ಪ ಹೊತ್ತಿಗೆ, ಬರುತ್ತಿದ್ದಾರೇನು ಎಂದು ಕೇಳುತ್ತಿದ್ದಳು. ನಾನು ಕನ್ನಡಿ ನೋಡಿ, ಹೌದು ಎನ್ನುತ್ತಿದ್ದೆ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ನನ್ನನ್ನೂ ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ನನ್ನ ಗಾಡಿಯ ಹಿಂದಿನ ಗಾಲಿಯನ್ನೇ ನೋಡುತ್ತ ಬರುತ್ತಿದ್ದ.

ಅಂದು ಸಂಜೆಯ ತನಕ ನಾನು ನಡುಗೋಡೆಗೆ ಕಿವಿ ಇಟ್ಟುಕೊಂಡಿದ್ದೆ. ಕೂಗಾಟ ಕೇಳಿದರೆ ಓಡಿಹೋಗಲು ಚಪ್ಪಲಿಯನ್ನೂ ಹತ್ತಿರ ಇಟ್ಟುಕೊಂಡೆ. ಆಕಡೆ ಕುಕ್ಕರು ನಾಲ್ಕು ಸಲ ಕೂಗಿತು, ಬೇರೇನೂ ಕೇಳಲಿಲ್ಲ. ಇದೆಲ್ಲ ನಾನು ಮಾಡಿದ್ದು, ಎರಡು ಕೇಜಿ ಕೇಕಿಗಾಗಿ ಒಬ್ಬಳ ಸಂಸಾರ ಕದಡಿದೆ ಎಂದು ನನ್ನನ್ನೇ ಬೈದುಕೊಂಡೆ. ಓವನ್ನು ಮಾರಿಬಿಡುತ್ತೇನೆ ಎಂದೆ. ನಮ್ಮ ಮನೆಯವರು, ಬೆಳಗಾಗಲಿ ತಡೆ ಎಂದರು.

ಬೆಳಿಗ್ಗೆ ಮಹಾನಂದಕ್ಕ ಬಂದಳು. ಅತ್ತ ಕಣ್ಣಿನಂತಿತ್ತು, ಆದರೆ ಮುಖ ಹಗುರವಾಗಿತ್ತು. ರಾತ್ರಿ ಮಲ್ಲಣ್ಣ ಊಟಕ್ಕೆ ಕೂತಾಗ ಒಂದೇ ಮಾತು ಆಡಿದನಂತೆ. ಅದನ್ನು ಅವಳು ಅವನ ದನಿಯಲ್ಲೇ ಹೇಳಿದಳು.

“ನಿನ್ನ ಗೆಳತಿ ಗಾಡಿ ಹಿಂದಿನ ಟೈರ ಬೋಳಾಗೇದ. ಅದನ್ನ ಬದಲಿ ಮಾಡೂತನಕ ಹತ್ತಬ್ಯಾಡ.”

ಹೊಸದು ಹಾಕುವ ತನಕ ಹತ್ತಬೇಡ ಎಂದಿದ್ದ. ಇನ್ನು ಮೇಲೆ ಹತ್ತಬೇಡ ಎಂದಿರಲಿಲ್ಲ. ಅದನ್ನು ಅವಳು ನನಗೆ ಎರಡು ಸಲ ಬಿಡಿಸಿ ಹೇಳಿದಳು.

ಸೊಲ್ಲಾಪುರ ರಸ್ತೆಯ ಟೈರಿನ ಅಂಗಡಿಯವನು ಹಳೆಯದನ್ನು ಬಿಚ್ಚಿ ನನ್ನ ಮುಂದೆ ತಿರುಗಿಸಿ ತೋರಿಸಿದ. ಒಂದು ಕಡೆ ರಬ್ಬರು ಸವೆದು ಒಳಗಿನ ದಾರ ಬಿಳಿಯಾಗಿ ಕಾಣುತ್ತಿತ್ತು. ಇದರ ಮೇಲೆ ಇಬ್ಬರು ಕೂತು ಹೋಗುತ್ತಿದ್ದಿರಾ ಎಂದು ಕೇಳಿದ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ದಿನಾ ಅವಳ ಸೆರಗು ನೋಡುತ್ತಿದ್ದೆ, ಕೇಕಿನ ಗುಲಾಬಿ ನೋಡುತ್ತಿದ್ದೆ, ಟೈರು ನೋಡಿರಲಿಲ್ಲ. ಎರಡು ಕೈಯಲ್ಲಿ ನನ್ನ ಕೇಕು ಹಿಡಿದು, ಕಣ್ಣು ಮುಚ್ಚಿ, ಅವಳು ಆ ದಾರದ ಮೇಲೆ ಕೂತಿದ್ದಳು.

ಆಮೇಲೆ ಮಲ್ಲಣ್ಣ ಎರಡು ಹೆಲ್ಮೆಟ್ಟು ತಂದುಕೊಟ್ಟ. ಅವಳದು ದೊಡ್ಡದಾಗಿ ಬ್ರೇಕರಿಗೊಮ್ಮೆ ಮೂಗಿನ ಮೇಲೆ ಇಳಿಯುತ್ತಿತ್ತು. ಹೇಗೂ ಕಣ್ಣು ಮುಚ್ಚಿಯೇ ಇರುತ್ತದಲ್ಲ, ನಡೆಯುತ್ತದೆ ಎನ್ನುತ್ತಿದ್ದಳು. ಹನ್ನೊಂದರ ಫೋನು ನನಗೇ ಬರತೊಡಗಿತು. ಮುಟ್ಟಿದಿರಾ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಅವನು ಮಾತ್ರ ಯಾರನ್ನೂ ತನ್ನ ಬೈಕಿನ ಹಿಂದೆ ಕೂರಿಸಿಕೊಳ್ಳಲಿಲ್ಲ. ಅವಳೂ ಕೇಳಲಿಲ್ಲ.

ಎರಡು ವರ್ಷ ಹೀಗೆ ಹೋಯಿತು. ಕಳೆದ ಮೇ ತಿಂಗಳಲ್ಲಿ ಅವನಿಗೆ ಬೀದರಿಗೆ ವರ್ಗವಾಯಿತು. ಸಾಮಾನು ಹೇರುವ ಹಿಂದಿನ ದಿನ ಮಹಾನಂದಕ್ಕ ಮಣೆ ತಂದು ನನ್ನ ಅಡುಗೆಮನೆಯಲ್ಲಿಟ್ಟಳು. ಇದಕ್ಕೆ ಕೇಕಿನ ರೂಢಿಯಾಗಿದೆ, ಇನ್ನು ಊಟಕ್ಕೆ ಬರುವುದಿಲ್ಲ ಎಂದಳು. ಆಮೇಲೆ ಗುಡಿಗೆ ಹೋಗಿ ಬರೋಣ, ಗಾಡಿ ತೆಗೆ ಎಂದಳು. ಗಾಡಿಯ ಮೇಲೆ ಗುಡಿಗೆ ಹೋಗುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದಳು. ಹೇಳಿದ್ದೂ ಹೋದದ್ದೂ ಒಂದೇ ಆದದ್ದು ಅವತ್ತು.

ನಮ್ಮ ಓಣಿಯಿಂದ ಗುಡಿಗೆ ನಡೆದೇ ಹೋಗಬಹುದು. ಅದನ್ನು ಇಬ್ಬರೂ ಹೇಳಲಿಲ್ಲ. ದರ್ಶನ ಮಾಡಿಕೊಂಡು, ಸುಮ್ಮನೆ ಊರು ಸುತ್ತು ಹಾಕಿ ತಿಕೋಟಾ ರಸ್ತೆಯಲ್ಲಿ ಅಷ್ಟು ದೂರ ಹೋಗಿ ಹೊರಳಿದೆವು. ಮಣೆಯಿಲ್ಲದ ಕೈಯನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಮೊದಲು ತೊಡೆಯ ಮೇಲಿಟ್ಟಳು, ಆಮೇಲೆ ಸೀಟು ಹಿಡಿದಳು. ಮುಂದೆ ಉಬ್ಬು ಕಂಡಿತು. ರೂಢಿಯಂತೆ ‘ಬಂತು’ ಎಂದೆ. ಅಷ್ಟು ವರ್ಷ ನನ್ನ ಹಿಂದೆ ಕೂತವಳು ಅಂದು ಮೊದಲ ಸಲ ನನ್ನ ಸೊಂಟ ಸುತ್ತಿ ಹಿಡಿದಳು. ಉಬ್ಬು ದಾಟಿದ ಮೇಲೂ ಬಿಡಲಿಲ್ಲ.

“ಕೇಕ ಇಲ್ಲಲ್ಲ ಇವತ್ತ, ಜೋರ ಹೊಡಿ ಬೇ” ಎಂದಳು.

ನನ್ನ ಕೈಲಿ ಆಗಲಿಲ್ಲ. ಮನೆ ಬಂದುಬಿಡುತ್ತದೆಂದು ಹೆದರಿ ಇಪ್ಪತ್ತರಲ್ಲೇ ಬಂದೆ.