ರೇಡಿಯೋನ ಒಸಡು

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಕ್ಷೌರದಂಗಡಿಯವನು ಬದುಕಿದ್ದೇ ಹಾಗೆ. ಕತ್ತರಿಗಿಂತ ನಾಲಿಗೆ ಚುರುಕು. ಗಿರಾಕಿಗಳು ಅವನಿಗೆ ರೇಡಿಯೋ ಅಂತ ಹೆಸರಿಟ್ಟಿದ್ದರು. ನಿಜವಾದ ಹೆಸರು ಬೋರ್ಡಿನ ಮೇಲಿತ್ತು, ಅದನ್ನು ಯಾರೂ ಓದುತ್ತಿರಲಿಲ್ಲ. ಗಡ್ಡಕ್ಕೆ ನೊರೆ ಹಚ್ಚುವಾಗ ಶುರುವಾದ ಮಾತು ಕುತ್ತಿಗೆಗೆ ಪೌಡರ್ ಹಾಕಿದ ಮೇಲೂ ಮುಗಿಯುತ್ತಿರಲಿಲ್ಲ. ಕೂದಲು ಬೆಳೆಯದಿದ್ದರೂ ಬಂದು ಕೂರುವವರಿದ್ದರು ಅಂದ ಮೇಲೆ ನೀವೇ ಲೆಕ್ಕ ಹಾಕಿ.

ಅಂಗಡಿಯಲ್ಲಿ ಎರಡು ಕುರ್ಚಿ. ಕಿಟಕಿ ಪಕ್ಕದ್ದು ರೇಡಿಯೋದು, ಒಳಗಿನದು ಅವನ ಅಕ್ಕನ ಮಗನದು. ಈ ಅಳಿಯ ಮದುವೆಯಾಗಿ ಮಕ್ಕಳಾದವನು, ಮಾತು ಕಮ್ಮಿ, ಕೈಗುಣ ಸಾಧಾರಣ. ಅಂಥವನಿಗಾಗಿ ಜನ ಬೆಂಚಿನ ಮೇಲೆ ಕಾಯತೊಡಗಿದರು, ರೇಡಿಯೋನ ಕುರ್ಚಿ ಖಾಲಿ ಬೀಳತೊಡಗಿತು. "ಬನ್ನಿ ಸಾರ್, ಇಲ್ಲಿ ಖಾಲಿ ಇದೆ" ಅಂದರೆ "ಪರವಾಗಿಲ್ಲ, ಕಾಯ್ತೀನಿ" ಅನ್ನುವರು. ರೇಡಿಯೋ ಮೊದಲು ಹೊಸ ಫ್ಯಾಷನ್ನಿಗೆ ಬೈದ. ಆಮೇಲೆ ಅಳಿಯನ ಮೇಲೇ ಗುಮಾನಿಪಟ್ಟ.

"ಏನೋ, ನನ್ನ ಬಗ್ಗೆ ಜನರ ಕಿವೀಲಿ ಏನು ಊದಿದ್ದೀಯ?"

"ಏನಿಲ್ಲ ಮಾವ" ಅಂದ ಅಳಿಯ, ಬಾಚಣಿಗೆ ತೊಳೆಯುತ್ತಾ. ಪಾಪ, ಅವನಿಗೆ ಕಾರಣ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ.

ಕಿಟಕಿ ಪಕ್ಕದ ಕುರ್ಚಿ ಬಿಡದೆ ಉಳಿದವರು ನಿವೃತ್ತ ಮೇಷ್ಟ್ರು ಒಬ್ಬರೇ. ಒಂದು ಬೆಳಿಗ್ಗೆ ರೇಡಿಯೋ ಅವರ ಮೀಸೆ ಸಮ ಮಾಡಲು ಮುಖದ ಹತ್ತಿರ ಬಾಗಿ, ಎಂದಿನಂತೆ ಏನೋ ಹೇಳುತ್ತಿದ್ದ. ನೋಡುತ್ತಾನೆ, ಮೇಷ್ಟ್ರ ಎದೆ ಏಳುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಮುಖ ಕೆಂಪೇರಿದೆ. ಅವನು ಹಿಂದೆ ಸರಿದದ್ದೇ ತಡ, ಬುಸ್ಸೆಂದು ಉಸಿರು ಬಿಟ್ಟರು.

"ಏನಾಯ್ತು ಮೇಷ್ಟ್ರೆ? ಎದೆನೋವಾ?"

"ಎದೆನೋವಲ್ಲಯ್ಯಾ, ನಿನ್ನ ಬಾಯಿ! ವಾಸನೆ ತಡೆಯೋಕಾಗಲ್ಲ. ಜನ ಅಳಿಯನ ಹತ್ರ ಹೋಗ್ತಿರೋದು ಅದಕ್ಕೇ. ಇಷ್ಟು ದಿನ ನಾನೂ ಹೇಳ್ಲಿಲ್ಲ, ತಪ್ಪಾಯ್ತು."

ರೇಡಿಯೋ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದ. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದದ್ದು, ದವಡೆ ಹಲ್ಲೊಂದು ಅಲ್ಲಾಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದ. ಊರವರ ತಲೆಹೊಟ್ಟಿನ ಬಗ್ಗೆ ಭಾಷಣ ಬಿಗಿಯುತ್ತಿದ್ದ ಮಹಾಶಯ! ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಕಾಣುವುದು ಅಂದರೆ ಇದೇ.

"ಮುಂದಿನ ರಸ್ತೇಲಿ ಹೊಸ ಹಲ್ಲಿನ ಡಾಕ್ಟರಮ್ಮ ಬಂದಿದ್ದಾರೆ. ನನ್ನ ಒಸಡು ಲೇಸರ್‌ನಲ್ಲೇ ಸರಿ ಮಾಡಿದ್ರು. ಕತ್ತಿ ಇಲ್ಲ, ಹೊಲಿಗೆ ಇಲ್ಲ, ಬೆಳಕಲ್ಲೇ ಕೊಯ್ತಾರೆ" ಅಂದರು ಮೇಷ್ಟ್ರು.

"ಬೆಳಕಲ್ಲಿ ಕೊಯ್ಯೋದಾ? ಕಿವಿಗೆ ಹೂವಿಡಬೇಡಿ ಮೇಷ್ಟ್ರೆ."

ಅವನ ಹೆದರಿಕೆಗೂ ಕಾರಣವಿತ್ತು. ಹರೆಯದಲ್ಲಿ ಒಮ್ಮೆ ಹಲ್ಲು ಕೀಳಿಸಲು ಹೋದಾಗ ಕಾಂಪೌಂಡರ್ ಅವನ ಕಾಲ ಮೇಲೆ ಕೂತಿದ್ದ, ಡಾಕ್ಟರು ಎದೆಗೆ ಮೊಣಕಾಲು ಕೊಟ್ಟು ಎಳೆದಿದ್ದರು. ಹಲ್ಲು ಅರ್ಧಕ್ಕೆ ಮುರಿದಿತ್ತು. ಅಂದಿನಿಂದ ಹಲ್ಲಿನ ಆಸ್ಪತ್ರೆಯ ಬೋರ್ಡು ಕಂಡರೆ ಕಾಲಿಗೆ ಬುದ್ಧಿ ಹೇಳುತ್ತಿದ್ದ.

ಹಾಗಾಗಿ ತಾನೇ ಒಂದು ಉಪಾಯ ಹೂಡಿದ. ದವಡೆಯಲ್ಲಿ ಲವಂಗ ಅಡಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಮಾತನ್ನೇ ಬಿಟ್ಟ. ವಾರವಿಡೀ ಅಂಗಡಿಯಲ್ಲಿ ಕತ್ತರಿಯ ಸದ್ದೊಂದೇ. ರೇಡಿಯೋ ಕೆಟ್ಟಿದೆ ಅಂತ ಗಿರಾಕಿಗಳು ಪಿಸುಗುಟ್ಟಿದರು, ಕೆಲವರು ಏನೋ ಸಿಟ್ಟಿರಬೇಕು ಅಂತ ಬಾಗಿಲಿಂದಲೇ ವಾಪಸಾದರು. ಮನೆಯಲ್ಲೂ ಗೋಡೆಗೆ ಮುಖ ಮಾಡಿ ಉಂಡ; ಹೆಂಡತಿ ಏನು ಕೇಳಿದರೂ ತಲೆಯಾಡಿಸಿದ. ವಾರದ ಕೊನೆಗೆ ಮೇಷ್ಟ್ರು ಬಂದವರು ಅವನತ್ತ ಒಮ್ಮೆ ನೋಡಿ, ಮಾತೇ ಇಲ್ಲದ ಮೇಲೆ ಯಾವ ಕುರ್ಚಿಯಾದರೇನು ಅನ್ನುವಂತೆ ಅಳಿಯನ ಕುರ್ಚಿಯಲ್ಲಿ ಕೂತರು. ಅದು ಅವನ ಕರುಳಿಗೇ ತಾಗಿತು. ಏಪ್ರನ್ ಬಿಚ್ಚಿಟ್ಟು ನೆಟ್ಟಗೆ ಮುಂದಿನ ರಸ್ತೆಗೆ ನಡೆದ.

ಡಾಕ್ಟರಮ್ಮ ಕನ್ನಡಿಕಡ್ಡಿಯಲ್ಲಿ ಬಾಯೆಲ್ಲ ಜಾಲಾಡಿ ಹೇಳಿದರು: "ನೋಡಿ ಯಜಮಾನ್ರೆ, ಲೇಸರ್ ಅಂದ್ರೆ ಮಂತ್ರದಂಡ ಅಲ್ಲ. ಕಲ್ಲಿನ ಹಾಗೆ ಕಟ್ಟಿರೋ ಪಾಚಿನ ಕೆರೆದೇ ತೆಗೀಬೇಕು. ಊದಿಕೊಂಡು ಕೆಟ್ಟಿರೋ ಒಸಡನ್ನ ಮಾತ್ರ ಲೇಸರ್‌ನಲ್ಲಿ ತೆಗೀತೀನಿ. ರಕ್ತ ಕಮ್ಮಿ, ಬೇಗ ಮಾಯುತ್ತೆ. ಆ ದವಡೆ ಹಲ್ಲು ಉಳಿಯಲ್ಲ."

"ಕಾಲು ಹಿಡ್ಕೊಳ್ಳೋಕೆ ಯಾರು ಬರ್ತಾರೆ?"

"ಕಾಲ್ಯಾಕೆ? ಒಸಡಿರೋದು ಬಾಯಲ್ಲಿ ತಾನೆ?"

ಒಸಡು ಮರಗಟ್ಟಿಸಿದರು. ಇಬ್ಬರೂ ಬಣ್ಣದ ಕನ್ನಡಕ ಹಾಕಿಕೊಂಡರು. "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಅಂದರು. ಪೆನ್ನಿನಂಥ ಕಡ್ಡಿಯ ತುದಿ ಒಸಡಿಗೆ ತಾಗಿತು. ರೇಡಿಯೋ ಕುಲದೇವರನ್ನೆಲ್ಲ ನೆನೆದ. ಸ್ವಲ್ಪ ಬಿಸಿ, ಕೂದಲು ಸುಟ್ಟಂಥ ವಾಸನೆ, ಪೀಂಪೀಂ ಸದ್ದು, ಮತ್ತೇನಿಲ್ಲ. ಎಡಗೈ ಎತ್ತಿದ. ಡಾಕ್ಟರಮ್ಮ ತಟ್ಟನೆ ನಿಲ್ಲಿಸಿದರು.

"ನೋವಾ?"

"ಇಲ್ಲಮ್ಮ. ಆ ಹಳೇ ಡಾಕ್ಟರು ಎದೆ ಮೇಲೆ ಹತ್ತಿದ ಕಥೆ ಹೇಳ್ಬೇಕಿತ್ತು."

ಮತ್ತೆ ಎತ್ತಿದ. ಮತ್ತೊಂದು ಕಥೆ. ಮೂರನೇ ಸಲ ಡಾಕ್ಟರಮ್ಮ "ಈಗ ಎತ್ತಿದ್ರೆ ಆ ಕೈಯನ್ನೂ ಮರಗಟ್ಟಿಸ್ತೀನಿ" ಅಂದ ಮೇಲೆ ಸುಮ್ಮನಾದ.

ನಾಲ್ಕಾರು ಸಲ ಓಡಾಡಿದ. ದವಡೆ ಹಲ್ಲು ಹೋಯಿತು. ಅದನ್ನು ಕೀಳುವಾಗ ಮಾತ್ರ ಇಕ್ಕಳವೇ ಬಂತು, ರೇಡಿಯೋ ಬೆವೆತದ್ದೂ ನಿಜ. ಒಸಡು ಗುಲಾಬಿ ಬಣ್ಣಕ್ಕೆ ತಿರುಗಿತು. ಬಿಟ್ಟುಹೋದ ಗಿರಾಕಿಗಳೆಲ್ಲ ಮರಳಲಿಲ್ಲ, ಅಭ್ಯಾಸ ಅನ್ನೋದು ಹಾಗೇನೆ. ಆದರೂ ಕಿಟಕಿ ಪಕ್ಕದ ಕುರ್ಚಿ ಖಾಲಿ ಉಳಿಯುವುದು ತಪ್ಪಿತು, ಮೇಷ್ಟ್ರೂ ವಾಪಸು ಬಂದು ಕೂತರು. ಅವತ್ತು ರೇಡಿಯೋ ಮಾತಾಡಿದ್ದು ಕೇಳಬೇಕಿತ್ತು.

ಅದೇ ಸಂಜೆ ಮನೆಗೆ ಬಂದವನು ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ಹಾ ಅಂತ ಉಸಿರುಬಿಟ್ಟ.

"ಈಗ ಹೇಳು, ವಾಸನೆ ಇದೆಯಾ?"

"ಹೋಗಿದೆ ಬಿಡಿ."

"ಹೋಗಿದೆ ಅಂದ್ರೆ? ಇದ್ದದ್ದು ನಿಂಗೂ ಗೊತ್ತಿತ್ತಾ?"

"ಪಕ್ಕದಲ್ಲಿ ಮಲಗೋಳಿಗೆ ಗೊತ್ತಾಗಲ್ವಾ? ಎಷ್ಟೋ ವರ್ಷದಿಂದ ಗೊತ್ತು."

ರೇಡಿಯೋಗೆ ಪಿತ್ತ ನೆತ್ತಿಗೇರಿತು. "ಅಲ್ವೇ, ಅಂಗಡಿ ಮುಚ್ಚೋ ಹಾಗಾಗಿತ್ತು! ಕಟ್ಕೊಂಡ ಹೆಂಡ್ತಿ ನೀನು, ಒಂದು ಮಾತು ಹೇಳಬಾರದಿತ್ತಾ?"

ಅವಳು ಮಡಚುತ್ತಿದ್ದ ಅಂಗಡಿಯ ಟವೆಲ್ ಕೆಳಗಿಟ್ಟಳು.

"ಹೇಳಿದ್ರೆ ನೀವು ಮಾತು ನಿಲ್ಲಿಸ್ತೀರಿ ಅಂತ ಹೆದರಿಕೆ ಇತ್ತು. ನಿಲ್ಲಿಸಿದ್ರಲ್ಲ, ಆ ವಾರ? ಮನೆ ಬಿಕೋ ಅಂತಿತ್ತು, ನಂಗೆ ಅಳು ಬರ್ತಿತ್ತು. ವಾಸನೆ ಏನು, ಅದಕ್ಕೆ ಒಗ್ಗಿಹೋಗಿದ್ದೆ." ಪಕ್ಕದ ಜಾಗದಿಂದ ಟವೆಲ್‌ಗಳನ್ನು ಸರಿಸಿದಳು. "ಬನ್ನಿ, ಕೂತ್ಕೊಳ್ಳಿ. ಇವತ್ತು ಅಂಗಡಿಗೆ ಯಾರ್ಯಾರು ಬಂದಿದ್ರು, ಹೇಳಿ."