ಬೀರುವಿನಲ್ಲೇ ಮುಪ್ಪಾದ ಲ್ಯಾಪ್‌ಟಾಪ್

ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಕೀಲಿಮಣೆಯ ಮೇಲೆ ಅವಳ ಬೆರಳು ಬಿದ್ದರೆ ಪಕ್ಕದ ಕೋಣೆಗೆ ಕೇಳುತ್ತಿತ್ತು. ಬಾಯಿ ಬಿಟ್ಟರೆ ಕೆಳಗಿನ ಮಹಡಿಗೂ ಕೇಳುತ್ತಿತ್ತು. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳ ಬಗ್ಗೆ ಗೊಣಗಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಹಾಕಿಕೊಂಡು, ಕಾಲ ಕೆಳಗಿನ ಪೆಡಲ್ ಒತ್ತಿ ನಿಲ್ಲಿಸುತ್ತ, ಹಿಂದಕ್ಕೆ ಓಡಿಸುತ್ತ, ಅಚ್ಚುಕಟ್ಟಾಗಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಲಕ್ವಾ ಹೊಡೆದ ಮೇಲೆ ಅವನ ಬಲಗೈ ಸ್ವಾಧೀನದಲ್ಲಿಲ್ಲ, ಎಡಗೈ ನಡುಗುತ್ತದೆ. ಅಂದಿನಿಂದ ಅವಳು ಆಸ್ಪತ್ರೆಯವರನ್ನು ಕಾಡಿ ಬೇಡಿ ಅದೇ ಕೆಲಸವನ್ನು ಮನೆಯಿಂದ ಮಾಡುತ್ತಿದ್ದಳು. ಮನೆ ನಡೆಯುತ್ತಿದ್ದದ್ದೂ ಅದರಿಂದಲೇ.

ಸಾಮಾನು ಕಾಪಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಸೋಫಾಗೆ ಹೊದಿಕೆ, ಆ ಹೊದಿಕೆ ಕೊಳೆಯಾಗದಂತೆ ಅದರ ಮೇಲೊಂದು ಹಳೇ ಟವೆಲ್. ಹೊಸದೆಲ್ಲ ಬೀರುವಿನೊಳಗೆ. ಮದುವೆಯಾದ ಹೊಸತರಲ್ಲಿ ಗಂಡ ಆಸೆಪಟ್ಟು ತಂದ ನೀಲಿ ಹೂವಿನ ಟೀ ಕಪ್ಪುಗಳೂ ಅಲ್ಲೇ ಇದ್ದವು. "ಒಂದ್ಸಲ ಅದ್ರಲ್ಲಿ ಟೀ ಕೊಡೇ" ಎಂದು ಅವನು ಭಾನುವಾರ ಬಂದಾಗಲೆಲ್ಲ ಕೇಳುತ್ತಿದ್ದ. "ನೆಂಟ್ರು ಬಂದಾಗ ತೆಗೆಯೋಣ, ಸುಮ್ನಿರಿ" ಎಂದು ಅವಳು ಗದರುತ್ತಿದ್ದಳು. ನೆಂಟರೇನೋ ಬಂದರು, ಹೋದರು. ಆ ಕಪ್ಪುಗಳ ಯೋಗ್ಯತೆಗೆ ಮಾತ್ರ ಯಾರೂ ಸಾಲಲಿಲ್ಲ.

ಗಂಡ ಇನ್ನೂ ಗಟ್ಟಿಮುಟ್ಟಾಗಿದ್ದಾಗ ಅಗ್ಗದ ಮಾರಾಟದಲ್ಲಿ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಿದ್ದ. ಅದನ್ನೂ ಅವಳು ಡಬ್ಬ ಬಿಚ್ಚದೆ ಬೀರುವಿಗೆ ಸೇರಿಸಿದಳು. "ಹಳೇದು ಇನ್ನೂ ಉಸಿರಾಡ್ತಿದೆ, ಅದು ಸಾಯ್ಲಿ ಮೊದ್ಲು" ಎಂದಳು. ಹಳೆಯದು ವರ್ಷಗಟ್ಟಲೆ ಉಸಿರಾಡಿತು.

ಈಚೆಗೆ ಆಸ್ಪತ್ರೆ ಹೊಸ ನಿಯಮ ತಂದಿತು. ಕಂಪನಿಯಿಂದ ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತ ಯಂತ್ರಗಳಿಗೆ ಇನ್ನು ಪ್ರವೇಶವಿಲ್ಲ. ಜೊತೆಯ ಟೈಪಿಸ್ಟುಗಳೆಲ್ಲ ತಲೆಯ ಮೇಲೆ ಕೈಹೊತ್ತು ಕೂತಾಗ ಗುಡುಗಮ್ಮ ಬೀಗಿದಳು. ಹಳೆಯದನ್ನು ಪಕ್ಕಕ್ಕೆ ಸರಿಸಿ, ಬೀರು ತೆರೆದು, ಡಬ್ಬದ ಟೇಪನ್ನು ಚಾಕುವಿನಿಂದ ಕೊಯ್ದಳು. ಹೊಸ ವಾಸನೆ ಘಮ್ಮೆಂದಿತು. ಮುಚ್ಚಳದ ಮೇಲಿನ ಪಾರದರ್ಶಕ ಹಾಳೆಯನ್ನು ಕೀಳದೆ ಹಾಗೇ ಬಿಟ್ಟಳು. ಆಸ್ಪತ್ರೆಯ ವೆಬ್ ಪುಟ ತೆರೆದರೆ, ಹಳೆಯದಕ್ಕೆ ಬಂದ ಅದೇ ಮಾತು ಇದಕ್ಕೂ ಬಂತು: ಈ ಯಂತ್ರಕ್ಕೆ ಅಪ್‌ಡೇಟ್ ನಿಂತಿದೆ, ಪ್ರವೇಶವಿಲ್ಲ.

ಮೇಲ್ವಿಚಾರಕಿಗೆ ಫೋನ್ ಮಾಡಿ ಹಾರಾಡಿದಳು. ಆಕೆ ಸಮಾಧಾನದಿಂದಲೇ ಹೇಳಿದಳು: "ರೋಗಿಗಳ ಗುಟ್ಟು ಇರೋ ಜಾಗ ಕಣ್ರೀ, ನಾನೇನೂ ಮಾಡಕ್ಕಾಗಲ್ಲ. ಸೋಮವಾರದೊಳಗೆ ಬೇರೆ ಯಂತ್ರದಿಂದ ಬನ್ನಿ. ಇಲ್ಲಾಂದ್ರೆ ನಿಮ್ಮ ಕೆಲಸ ಇನ್ನೊಬ್ರಿಗೆ ಕೊಡ್ಬೇಕಾಗುತ್ತೆ."

ಗುಡುಗಮ್ಮ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು, ಗಂಡ ಅದನ್ನು ಕೊಂಡಿದ್ದ ಅಂಗಡಿಗೆ ನುಗ್ಗಿದಳು. ಅಂಗಡಿಯವನು ಯಂತ್ರವನ್ನು ತಿರುವಿ ನೋಡಿ, "ಇದರ ಅಪ್‌ಡೇಟ್ ಮುಗಿದು ಹೋಗಿದೆಯಲ್ಲಮ್ಮ" ಎಂದ.

"ಮುಗಿಯಕ್ಕೆ ನಾನಿನ್ನೂ ಶುರುನೇ ಮಾಡಿಲ್ವಲ್ಲಯ್ಯ!"

"ನೀವು ಶುರು ಮಾಡಿದಾಗಿಂದ ಲೆಕ್ಕ ಅಲ್ಲಮ್ಮ. ನೀವು ಕೊಂಡ ದಿನದಿಂದಾನೂ ಅಲ್ಲ. ಕಂಪನಿಯವರು ಈ ಮಾಡೆಲ್‌ನ ಮೊದಲು ಮಾರುಕಟ್ಟೆಗೆ ಬಿಟ್ಟ ದಿನದಿಂದ ಲೆಕ್ಕ. ನಿಮ್ಮ ಮನೆಯವರು ತಗೊಂಡಾಗಲೇ ಇದಕ್ಕೆ ಅರ್ಧ ವಯಸ್ಸಾಗಿತ್ತು. ಅದಕ್ಕೇ ಅಷ್ಟು ಅಗ್ಗ."

"ಆವತ್ತು ಹೇಳಿದ್ರಾ ಇದನ್ನ?"

"ಅವರು ಕೇಳ್ಲಿಲ್ಲ."

ಕೇಳಲಿಲ್ಲವಂತೆ! ಮೊಹರು ಹಾಕಿದ ಡಬ್ಬದ ಮುಂದೆ ನಿಂತು, ಇದರೊಳಗೆ ಇರುವುದು ಹೊಸದೋ ಮುದಿಯೋ ಎಂದು ಯಾವ ವ್ಯಾನ್ ಚಾಲಕನಿಗೆ ಕೇಳಲು ಹೊಳೆಯುತ್ತದೆ? ಗುಡುಗಮ್ಮನ ಸಿಟ್ಟು ನೆತ್ತಿಗೇರಿತು. "ಹಾಲಿನ ಪ್ಯಾಕೆಟ್ ಮೇಲೆ ತಾರೀಕು ಹಾಕ್ತಾರೆ, ಬ್ರೆಡ್ ಮೇಲೆ ಹಾಕ್ತಾರೆ. ಇದರ ಮೇಲೆ ಹಾಕಕ್ಕೆ ನಿಮಗೇನ್ರೀ ದಾಡಿ? ಹೊಸದು ಅಂತ ಬೋರ್ಡು ಹಾಕ್ಕೊಂಡು ಮುದಿ ಯಂತ್ರ ಮಾರ್ತೀರಲ್ಲ, ನಾಚಿಕೆ ಆಗಲ್ವಾ?" ಅಂಗಡಿಯಲ್ಲಿದ್ದ ಗಿರಾಕಿಗಳು ಕೈಯಲ್ಲಿದ್ದ ಡಬ್ಬಗಳನ್ನು ಮೆಲ್ಲಗೆ ಕೆಳಗಿಟ್ಟರು.

ಅದನ್ನು ಕಂಡು ಅಂಗಡಿಯವನಿಗೂ ರೇಗಿತು. "ತಗೊಂಡ ದಿನವೇ ಬಿಚ್ಚಿದ್ರೆ ಉಳಿದರ್ಧ ಆದ್ರೂ ಸಿಕ್ತಿತ್ತಲ್ಲಮ್ಮ. ಇಷ್ಟು ವರ್ಷ ಎಲ್ಲಿಟ್ಟಿದ್ರಿ?"

ಗುಡುಗಮ್ಮ ಯಂತ್ರವನ್ನು ಡಬ್ಬಕ್ಕೆ ತುರುಕಿದಳು. ಡಬ್ಬ ಎತ್ತಿಕೊಂಡು ಹೊರಬಿದ್ದಳು. ದಾರಿಯುದ್ದಕ್ಕೂ ಅಂಗಡಿಯವನನ್ನು, ಕಂಪನಿಯನ್ನು, ಆಸ್ಪತ್ರೆಯನ್ನು ಶಪಿಸಿದಳು. ಮನೆಯ ಮೆಟ್ಟಿಲು ಹತ್ತುವಾಗ ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಅಣ್ಣ ಫೋನ್ ಮಾಡಿ ಕರೆಸಿದ್ದ. ಹೊಸ ಚಪ್ಪಲಿ ಕೊಂಡರೆ ಅಲ್ಲೇ ಮೆಟ್ಟಿಕೊಂಡು ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಬರುವ ಹೆಂಗಸು ಅವಳು. ದುಂದುಗಾತಿ ಎಂದು ಅತ್ತಿಗೆಯಿಂದ ಬೈಸಿಕೊಳ್ಳದ ದಿನವಿಲ್ಲ. ಅವಳು ಚೀಲದಿಂದ ತೆಗೆದ ಲ್ಯಾಪ್‌ಟಾಪಿನ ಅಕ್ಷರಗಳು ಸವೆದಿದ್ದವು, ಒಂದು ಮೂಲೆಗೆ ಟೇಪು ಸುತ್ತಿತ್ತು, ಕೀಲಿಗಳ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಇತ್ತು.

"ತಗೊಳ್ಳಿ ಅತ್ತಿಗೆ. ನಾನು ಸದ್ಯಕ್ಕೆ ಫೋನಲ್ಲೇ ಸುಧಾರಿಸ್ತೀನಿ. ನೋಡಕ್ಕೆ ಹೀಗಿದೆ, ಆದ್ರೆ ಇದಕ್ಕಿನ್ನೂ ಅಪ್‌ಡೇಟ್ ಬರುತ್ತೆ."

ಆಸ್ಪತ್ರೆಯ ಪುಟ ತಕರಾರಿಲ್ಲದೆ ತೆರೆದುಕೊಂಡಿತು. ಕೆಲಸ ಉಳಿಯಿತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮೇಜಿನ ಮೇಲೆ ಎರಡೂ ಯಂತ್ರಗಳು ಅಕ್ಕಪಕ್ಕ ಕೂತಿದ್ದವು. ತಾನು ಗೀರು ಬೀಳದಂತೆ ಕಾಪಾಡಿದ್ದರ ಆಯುಸ್ಸು ಮುಗಿದಿತ್ತು. ಗುಡುಗಮ್ಮ ಅದರ ಮುಚ್ಚಳದ ಹಾಳೆಯನ್ನು ಪರ್ರನೆ ಕಿತ್ತೆಸೆದಳು. ಆಮೇಲೆ ಬೀರುವಿಗೆ ನುಗ್ಗಿದಳು. ಹೊಸ ಹಾಸಿಗೆ ಬಟ್ಟೆ, ಟವೆಲ್ಲು, ಕಂಬಳಿ ಎಲ್ಲವನ್ನೂ ಎಳೆದು ನೆಲಕ್ಕೆ ಹಾಕಿದಳು. ಕೊನೆಗೆ ಕಪ್ಪುಗಳು ಸಿಕ್ಕವು. ತೊಳೆದು, ಟೀ ಮಾಡಿ, ಒಂದನ್ನು ಗಂಡನ ಮುಂದೆ ತಂದಿಟ್ಟಳು.

"ಯಾರು ನೆಂಟ್ರು ಬಂದಿರೋದು?" ಎಂದು ಅವನು ಕೇಳಿದ.

"ಯಾರೂ ಇಲ್ಲ. ನಿಮಗೇ. ಕುಡೀರಿ."

ಅವನು ಎಡಗೈ ಚಾಚಿದ. ಕಪ್ಪಿನ ಸಣ್ಣ ಹಿಡಿಕೆಯೊಳಗೆ ನಡುಗುವ ಬೆರಳು ತೂರಲಿಲ್ಲ. ಮತ್ತೊಮ್ಮೆ ಯತ್ನಿಸಿದ, ಟೀ ತುಳುಕಿ ಮಡಿಲಿಗೆ ಬಿತ್ತು. "ನನ್ನ ಪ್ಲಾಸ್ಟಿಕ್ ಲೋಟದಲ್ಲೇ ಕೊಡೇ. ಇದು ಒಡೆದು ಹೋದೀತು" ಎಂದ.

"ಒಡೆದು ಹಾಳಾಗಿ ಹೋಗ್ಲಿ!"

ಕೂಗಿಗೆ ನಾದಿನಿ ಬೆಚ್ಚಿದಳು. ಹಲ್ಲಿದ್ದಾಗ ಕಡಲೆ ಇರಲಿಲ್ಲ ಎಂದು ಅಳುವವರೇ ಪುಣ್ಯವಂತರು. ಈ ಮನೆಯಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು. ಕಡಲೆಗೆ ಬೀಗ ಹಾಕಿದವಳು ತಾನೇ. ಗುಡುಗಮ್ಮ ಗಂಡನ ಪಕ್ಕ ಕೂತು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅವನ ತುಟಿಗೆ ಇಟ್ಟಳು.

"ಇಷ್ಟು ವರ್ಷ ಯಾಕ್ರೀ ಸುಮ್ನಿದ್ರಿ? ನನ್ನ ಜೊತೆ ಜಗಳ ಆಡಿ ತೆಗೆಸಕ್ಕೆ ಆಗ್ತಿರ್ಲಿಲ್ವಾ ನಿಮಗೆ?"

ಅವನ ಬಾಯಿ ತುಂಬ ಟೀ ಇತ್ತು. ಅವನು ಅವಳನ್ನೇ ನೋಡುತ್ತ ಕುಡಿದ.