ಮಳೆ ನೋಡಲು ಹೋದ ಶುಕ್ರವಾರ

ಮಳೆ ನೋಡಲು ವಿಮಾನದ ಟಿಕೆಟ್ ತೆಗೆಸಿದ್ದೆವು ಎಂಬ ಸಂಗತಿಯನ್ನು ನಾನು ಈವರೆಗೂ ಕೊಟ್ಟೂರಿನ ನಮ್ಮ ಮನೆಯಲ್ಲಿ ಹೇಳಿಲ್ಲ. ಹೇಳಿದರೆ ನಂಬುವುದಿಲ್ಲ ಎಂದಲ್ಲ. ನಂಬಿಬಿಡುತ್ತಾರೆ ಎಂಬುದೇ ಹೆದರಿಕೆ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯವರು ಮಳೆಗಾಗಿ ಕಾಯುತ್ತಾರೆ, ಬಾರದಿದ್ದರೆ ಬೈಯುತ್ತಾರೆ, ಬಂದರೆ ಇಷ್ಟೇನಾ ಎಂದು ಮತ್ತೊಮ್ಮೆ ಬೈಯುತ್ತಾರೆ. ಒಳ್ಳೆಯ ಸೀರೆ ಉಟ್ಟು, ಬ್ಯಾಗು ಕಟ್ಟಿ, ಅದನ್ನು ನೋಡಿಕೊಂಡು ಬರಲು ಹೊರಟವರನ್ನು ಅವರು ಕಂಡಿಲ್ಲ.

ಆಗ ನಾವು ಮಸ್ಕತ್ತಿನಲ್ಲಿದ್ದೆವು. ನಾನು ಅಲ್ಲಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ನನ್ನ ಗಂಡ ಕೊಟ್ರೇಶ ಒಂದು ಗ್ಯಾರೇಜಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ಹರಪನಹಳ್ಳಿಯಲ್ಲಿ ಅವನ ಜೊತೆ ಐಟಿಐ ಓದಿದ ಮೆಹಬೂಬ, ಅಂದರೆ ಎಲ್ಲರ ಮಾಬು, ಅದೇ ದೇಶದ ದಕ್ಷಿಣದ ತುದಿಯಲ್ಲಿರುವ ಸಲಾಲಾದಲ್ಲಿ ಸ್ವಂತ ಗ್ಯಾರೇಜು ಹಾಕಿದ್ದ. ಈ ಸಲಾಲಾಕ್ಕೆ ಒಂದು ವಿಶೇಷವಿದೆ. ಅರಬ್ಬೀ ಸೀಮೆಯೆಲ್ಲ ಬಾಣಲೆಯಂತೆ ಕಾದಿರುವಾಗ ಅಲ್ಲಿ ಮಾತ್ರ ಮೂರು ತಿಂಗಳು ಮಂಜು ಮುಸುಕಿ ಜಿಟಿಜಿಟಿ ಹನಿಯುತ್ತದೆ. ಬೋಳು ಗುಡ್ಡಗಳು ಹಸಿರಾಗುತ್ತವೆ. ಸುತ್ತಲಿನ ದೇಶಗಳ ಜನ ಕಾರು ತುಂಬಿಕೊಂಡು ಬಂದು, ಗುಡ್ಡದ ಮೇಲೆ ಚಾಪೆ ಹಾಸಿ, ನೆನೆಯುತ್ತ ಕೂಡುತ್ತಾರೆ.

ಆ ಕಾಲಕ್ಕೆ ಅಲ್ಲಿ ಖರೀಫ್ ಎನ್ನುತ್ತಾರೆ. ನಾನು ಮೊದಲ ಸಲ ಕೇಳಿದಾಗ ಕಿವಿ ನೆಟ್ಟಗಾಯಿತು. ಚಿಕ್ಕಂದಿನಲ್ಲಿ ಕೃಷಿ ಇಲಾಖೆಯ ಬೋರ್ಡಿನ ಮೇಲೆ ‘ಖಾರಿಫ್ ಬೆಳೆ’ ಎಂದು ಓದುತ್ತಿದ್ದೆನಲ್ಲ, ಅದೇ ಪದ. ಅರಬ್ಬಿಯಲ್ಲಿ ಅದಕ್ಕೆ ಎಲೆ ಉದುರುವ ಕಾಲ ಎಂಬ ಅರ್ಥವಂತೆ. ನಮ್ಮ ದೇಶವನ್ನಾಳಿದ ಹಳೆಯ ಬಾದಶಹರ ದರ್ಬಾರಿನವರು ಅದನ್ನು ತಂದು ನಮ್ಮ ಮುಂಗಾರಿಗೆ ತಗುಲಿಸಿದರು. ನಮ್ಮಲ್ಲಿ ಖಾರಿಫ್ ಎಂದರೆ ಬೀಜ, ಗೊಬ್ಬರ, ಮುಗಿಲು ನೋಡುವ ಕುತ್ತಿಗೆ ನೋವು. ಅಲ್ಲಿ ಖರೀಫ್ ಎಂದರೆ ಹೋಟೆಲ್ ರೂಮಿನ ಬಾಡಿಗೆ ಏರುವ ಕಾಲ. ಒಂದೇ ಪದದ ಹಣೆಬರಹ ಊರಿಂದೂರಿಗೆ ಎಷ್ಟು ಬೇರೆ ನೋಡಿ.

ಮಾಬು ನಮ್ಮನ್ನು ಕರೆದದ್ದು ಬರೀ ಪ್ರೀತಿಗಲ್ಲ. ಅವನಿಗೆ ಗ್ಯಾರೇಜಿನಲ್ಲಿ ಪಾಲುದಾರ ಬೇಕಿತ್ತು, ಕೊಟ್ರೇಶನೇ ಬೇಕಿತ್ತು. ಕೊಟ್ರೇಶ ಅರ್ಧ ಒಪ್ಪಿದ್ದ. ಉಳಿದರ್ಧ ನಾನು. ಮಸ್ಕತ್ತಿನ ಕೆಲಸ, ಪರಿಚಯದವರು, ಹೇಗೋ ಒಗ್ಗಿದ ಮನೆ, ಇವನ್ನೆಲ್ಲ ಬಿಟ್ಟು ಬರಲಾರೆ ಎಂದಿದ್ದೆ. ಹಾಗಾಗಿ ಆ ಎರಡು ದಿನದ ಸಲಾಲಾ ದರ್ಶನ ನಿಜಕ್ಕೂ ನನ್ನನ್ನು ಒಪ್ಪಿಸುವ ಏರ್ಪಾಡು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಮಳೆಯೊಂದನ್ನು ತೋರಿಸಿದರೆ ಕೊಟ್ಟೂರಿನ ಹೆಣ್ಣು ಕರಗಿಹೋಗುತ್ತಾಳೆ ಎಂದು ಗೆಳೆಯರಿಬ್ಬರೂ ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪೇನೂ ಇರಲಿಲ್ಲ.

ಹಿಂದಿನ ರಾತ್ರಿ ತಡವಾಗಿ ಮಾಬುವಿನ ಮನೆ ತಲುಪಿ ಮಲಗಿದ್ದೆವು. ಶುಕ್ರವಾರ ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಹರಪನಹಳ್ಳಿಯ ಬಿಸಿಲು. ಮಾಬು ಹೊರಗೆ ನಿಂತು ಆಕಾಶವನ್ನು ಸಾಲಗಾರನನ್ನು ನೋಡುವಂತೆ ನೋಡುತ್ತಿದ್ದ.

“ಅಕ್ಕಾರ, ನಿನ್ನಿತನಕ ಬಿಟ್ಟಿದ್ದಿಲ್ಲ. ನೀವು ಬರೋದು ಗೊತ್ತಾಗಿ ನಿಂತೈತಿ ನೋಡ್ರಿ” ಎಂದ. ನಾನೇನೋ ಮಳೆಗೆ ಕೇಡು ಬಗೆದವಳಂತೆ ತಲೆ ತಗ್ಗಿಸಿದೆ.

ಆ ಮನೆಯಲ್ಲಿ ಆ ಬೆಳಗು ಖುಷಿಯಾಗಿದ್ದವಳು ಒಬ್ಬಳೇ, ಮಾಬುವಿನ ಹೆಂಡತಿ ಜುಬೇದಾ. ಹಿರೇಹಡಗಲಿಯವಳು, ನಾನು ಅವಳನ್ನು ನೋಡಿದ್ದು ಆ ಸಲವೇ ಮೊದಲು. ನಾವು ಏಳುವ ಮೊದಲೇ ಒಂದು ಗಾದಿಯನ್ನು ಬಿಸಿಲಿಗೆ ಒಣಹಾಕಲು ಮಾಳಿಗೆಗೆ ಸಾಗಿಸಿ ಬಂದಿದ್ದಳು. ಎರಡನೆಯದನ್ನು ಹೊತ್ತು ಮೆಟ್ಟಿಲ ಬಳಿ ಇದ್ದಾಗ ಗಂಡ ತಡೆದು, ಎಲ್ಲರೂ ಗುಡ್ಡಕ್ಕೆ ಹೊರಡಬೇಕು, ಅಲ್ಲಿ ಖಂಡಿತ ಮಳೆ ಇದೆ ಎಂದ. ಅವಳು ಗಾದಿಯನ್ನು ಗೋಡೆಗೆ ಒರಗಿಸಿ ಬುರ್ಖಾ ಹಾಕಿಕೊಂಡಳು.

ಅವತ್ತು ನಾವು ಮಳೆಯನ್ನು ಹುಡುಕಿದ ಪರಿಯಲ್ಲಿ ನಮ್ಮೂರಿನವರು ತಪ್ಪಿಸಿಕೊಂಡ ಎಮ್ಮೆಯನ್ನೂ ಹುಡುಕಿರಲಾರರು. ಒಂದು ಗುಡ್ಡ ಹತ್ತಿ ಇಳಿದು ಇನ್ನೊಂದು ಗುಡ್ಡ ಹತ್ತಿದೆವು. ಮಾಬು ಗಾಡಿ ಓಡಿಸುತ್ತಲೇ ಪರಿಚಯದವರಿಗೆಲ್ಲ ಕೊಟ್ರೇಶನ ಕೈಲಿ ಫೋನು ಮಾಡಿಸಿ, ನಿಮ್ಮ ಕಡೆ ಹನಿಯುತ್ತಿದೆಯೇ ಎಂದು ಕೇಳಿಸಿದ. ಎಳನೀರು ಮಾರುವವನೊಬ್ಬ ನಿನ್ನೆ ಬಂದಿತ್ತು, ನಾಳೆ ಬರುತ್ತದೆ ಎಂದು ಭರವಸೆ ಕೊಟ್ಟ. ಈ ಮಾತನ್ನು ಕೇಳುತ್ತಲೇ ಬೆಳೆದವಳಾದ್ದರಿಂದ ನನಗೆ ತವರಿಗೆ ಬಂದಷ್ಟು ಹಿತವಾಯಿತು.

ಗುಡ್ಡದ ಮೇಲೆ ಜಾತ್ರೆಯಂಥ ಜನ. ಎಲ್ಲರೂ ಮಳೆಗೆ ಸಿದ್ಧರಾಗಿ ಬಂದವರು. ಮಕ್ಕಳಿಗೆ ಹಳದಿ ರೇನ್‌ಕೋಟು, ಅದರೊಳಗೆ ಬೆವರು. ಛತ್ರಿ ತಂದವರು ಅದನ್ನು ಬಿಸಿಲಿಗೆ ಹಿಡಿದಿದ್ದರು. ಒಬ್ಬರಂತೂ ಕಾರಿನ ಗಾಜಿಗೆ ನೀರು ಚಿಮುಕಿಸಿ, ಆ ಹನಿಗಳ ಹಿಂದೆ ಹೆಂಡತಿಯನ್ನು ನಿಲ್ಲಿಸಿ ಫೋಟೊ ತೆಗೆದರು. ಊರಿಗೆ ಮಳೆ ತಲುಪಿಸುವ ಜವಾಬ್ದಾರಿ ಯಾರಿಗೆ ತಾನೇ ಇರುವುದಿಲ್ಲ?

ನಾನು ಗುಡ್ಡ ನೋಡಿದೆ. ಬಂಡೆ, ಬಂಡೆಯ ಮೇಲೆ ಬಂಡೆ, ನಡುವೆ ಕುರುಚಲು. ಮೇಲೆ ತೆಳ್ಳಗೆ ಹಸಿರು. ಕೊಟ್ರೇಶ ಸುಮ್ಮನಿರಬಹುದಿತ್ತು.

“ಲೇ ಮಾಬು, ನಮ್ಮ ಕೂಡ್ಲಿಗಿ ಕಡಿ ಗುಡೇಕೋಟಿ ಗುಡ್ಡ ಇದ್ದಂಗ ಐತಲ್ಲೋ” ಎಂದ.

ಮಾಬು ಸಂಜೆಯವರೆಗೆ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಪರದೇಶದಲ್ಲಿ ನೆಂಟರನ್ನು ಸುತ್ತಾಡಿಸುವವನ ಪಾಡೇ ಹಾಗೆ. ಆ ಊರಿನ ಕಡಲು, ಕೋಟೆ, ಹವೆ ಎಲ್ಲವೂ ತಾನೇ ಕೈಯಾರೆ ಕಟ್ಟಿಸಿದ್ದು ಎಂಬಂತೆ ಅವನು ಅವಕ್ಕೆಲ್ಲ ಹೊಣೆಯಾಗಿಬಿಡುತ್ತಾನೆ. ನೆಂಟರು ಬಾಯಿ ತೆರೆದು ಆಹಾ ಎನ್ನದಿದ್ದರೆ ಅವನ ಮನೆಯ ಅಡುಗೆಗೆ ಹೆಸರಿಟ್ಟಂತೆ.

ಶನಿವಾರವೂ ಬಿಸಿಲೇ. ಮಾಬು ದೂರದ ದಿಬ್ಬದಾಚೆ ಮೋಡ ಇಳಿದಿದೆಯೆಂದು ಸುದ್ದಿ ತಂದು ಗಾಡಿಯ ಬೀಗದ ಕೈ ತೆಗೆದುಕೊಂಡ. ಜುಬೇದಾ ಈ ಸಲ ಬುರ್ಖಾಕ್ಕೆ ಕೈ ಹಾಕಲಿಲ್ಲ. ತನಗೆ ಮನೆಯಲ್ಲಿ ಕೆಲಸವಿದೆ, ನೀವು ಹೋಗಿಬನ್ನಿ ಎಂದಳು. ದನಿ ಮೆತ್ತಗಿತ್ತು, ಆದರೆ ಮಾಬು ಎರಡನೇ ಸಲ ಕರೆಯಲಿಲ್ಲ. ನಾನೂ ತಲೆನೋವೆಂದು ಸುಳ್ಳು ಹೇಳಿ ಉಳಿದೆ. ಒಪ್ಪಿಸಬೇಕಾದವಳೇ ಹಿಂದೆ ಉಳಿದಳೆಂದು ಗಂಡಸರಿಬ್ಬರ ಮುಖವೂ ಬಾಡಿತು, ಆದರೂ ಹೋದರು.

ನಾವಿಬ್ಬರೂ ಗಾದಿ, ದಿಂಬು, ಕಂಬಳಿ, ಮಸಾಲೆ ಡಬ್ಬಿ, ಒಣಮೆಣಸಿನಕಾಯಿ, ಚಪ್ಪಲಿಗಳನ್ನೂ ಬಿಡದೆ ಮಾಳಿಗೆಗೆ ಸಾಗಿಸಿದೆವು. ಗಾದಿಗೆ ಬಡಿಗೆಯಿಂದ ಬಡಿಯುತ್ತ ಅವಳು ಹಡಗಲಿಯ ಮಲ್ಲಿಗೆಯ ಮಾತು ತೆಗೆದಳು. ತವರಿನ ಹೊಲದಲ್ಲಿ ಮೊಗ್ಗು ಬಿಡಿಸುವಾಗ ಹೆಂಗಸರು ಎಷ್ಟು ಮಾತಾಡುತ್ತಿದ್ದರೆಂದರೆ, ಬುಟ್ಟಿ ತುಂಬಿದ್ದು ತಿಳಿಯುತ್ತಿರಲಿಲ್ಲವಂತೆ. ನಾನು ಹೂಂಗುಡುತ್ತಿದ್ದೆ. ಒಮ್ಮೆಲೇ ಅವಳು ಬಡಿಗೆ ಕೆಳಗಿಟ್ಟು ನನ್ನ ಎದುರಿಗೆ ಕೂತಳು.

“ಅಕ್ಕಾ, ನೀವು ಬರ್ತೀರೇನು ಅಂತ ನೋಡಾಕ ಇವ್ರು ಕರ್ಸ್ಯಾರ. ನಾ ಖರೇ ಹೇಳ್ತೀನಿ. ಈ ಮಳ್ಯಾಗ ಬಟ್ಟಿ ಒಣಗಂಗಿಲ್ಲ, ಉಪ್ಪು ನೀರಾಗತೈತಿ, ಗೋಡಿಗೆ ಬೂಷ್ಟು ಹಿಡೀತೈತಿ. ಮಳಿ ಹೋದ ಮ್ಯಾಲ ಯಾರೂ ಈ ಕಡಿ ಬರಂಗಿಲ್ಲ. ನನ್ನ ಜೋಡಿ ಕನ್ನಡ ಮಾತಾಡಾಕ ಇವ್ರೊಬ್ರ, ಇವ್ರು ಮನಿಗೆ ಬರೋದು ಮಲಗಾಕ.”

ಹರಡಿದ್ದ ಮೆಣಸಿನಕಾಯಿಯ ಮೇಲೆ ಕೈಯಾಡಿಸುತ್ತ ಮತ್ತೆ ಹೇಳಿದಳು: “ನೀವು ಬಂದ್ರ ನನಗ ಭಾಳ ಚಲೋ ಆಗತೈತಿ. ಆದ್ರ ನನಗ ಚಲೋ ಆಗತೈತಿ ಅಂತ ನಿಮಗ ಸುಳ್ಳು ಹೇಳಾಕ ಮನಸು ಬರಲಿಲ್ಲ.”

ಎರಡು ದಿನದಿಂದ ಎಲ್ಲರೂ ನನಗೆ ಏನೇನನ್ನೋ ತೋರಿಸುತ್ತಿದ್ದರು. ಇದ್ದದ್ದನ್ನು ಇದ್ದಂತೆ ತೋರಿಸಿದವಳು ಇವಳೊಬ್ಬಳೇ. ಅವಳ ಕೈ ಹಿಡಿದುಕೊಂಡು ಕೂತೆ. ಕೈಗೆ ಮೆಣಸಿನ ಘಾಟು ಮೆತ್ತಿತ್ತು. ಇಬ್ಬರ ಕಣ್ಣಲ್ಲೂ ನೀರು ಬಂತು. ಅದು ಮೆಣಸಿನದೇ ಎಂದು ಇಬ್ಬರೂ ಒಪ್ಪಿಕೊಂಡೆವು.

ಆಮೇಲೆ ಮೂಗಿನ ಮೇಲೆ ಏನೋ ತಣ್ಣಗೆ ಬಿತ್ತು. ಕಡಲ ಕಡೆಯಿಂದ ಮಂಜು ಹೆಜ್ಜೆ ಸಪ್ಪಳವಿಲ್ಲದೆ ಬಂದು ಮಾಳಿಗೆ ಏರಿತ್ತು. ಜುಬೇದಾ ದೇವರನ್ನು ಬಿಟ್ಟು ಗಂಡನನ್ನು ನೆನೆದು ಬೈದಳು. ಗಾದಿ ಎಳೆದು, ದಿಂಬು ಎಸೆದು, ಮೆಣಸಿನಕಾಯಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಮೆಟ್ಟಿಲಲ್ಲಿ ಜಾರಿ, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಸಾಮಾನು ಅರ್ಧ ಒಣಗಿತ್ತು, ನಾವು ಪೂರ್ತಿ ನೆನೆದಿದ್ದೆವು.

ಗಂಡಸರು ಬಂದದ್ದು ಸಂಜೆಗೆ. ದಿಬ್ಬದಾಚೆ ಇದ್ದದ್ದು ಬರೀ ಮರುಭೂಮಿಯಂತೆ. ಮುಖ ಕೆಂಪಗೆ ಸುಟ್ಟಿತ್ತು, ಅಂಗಿಯ ಮೇಲೆ ಧೂಳು. ನಮ್ಮ ಒದ್ದೆ ತಲೆ ನೋಡಿ ಮಾಬು ಬಾಗಿಲಲ್ಲೇ ನಿಂತ.

“ಎಲ್ಲಿ ಬಂತು?” ಎಂದ.

“ಮಾಳಿಗಿ ಮ್ಯಾಲ” ಎಂದಳು ಜುಬೇದಾ, ಚಹಾ ಸೋಸುತ್ತ.

ವಾಪಸು ವಿಮಾನದಲ್ಲಿ ಕೊಟ್ರೇಶ, ನಿನಗೆ ಹಿಡಿಸಲಿಲ್ಲ ಅಂತ ಗೊತ್ತು, ಮಾಬುವಿಗೆ ನಾನೇ ಹೇಳುತ್ತೇನೆ ಎಂದ. ಹೇಳಬೇಡ, ಬರೋಣ ಎಂದೆ. ಅವನಿಗೆ ಅಚ್ಚರಿ. ಆ ಒಂದಿಷ್ಟು ಹನಿಗೇ ಒಪ್ಪಿದೆಯಾ ಎಂದು ಕೇಳಿದ. ಗಂಡಸರಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತ ಹೋದರೆ ವಿಮಾನ ಇಳಿದರೂ ಮುಗಿಯುವುದಿಲ್ಲ. ಹೂಂ ಎಂದೆ. ಮಾಬು ಇವತ್ತಿಗೂ ಅದು ಮಳೆಯ ಮಹಿಮೆ ಎಂದೇ ನಂಬಿದ್ದಾನೆ.

ಈಗ ನಾವು ಸಲಾಲಾದಲ್ಲೇ ಇದ್ದೇವೆ, ಜುಬೇದಾಳ ಮನೆಯ ಹಿಂದಿನ ಓಣಿಯಲ್ಲಿ. ಅವಳು ಹೇಳಿದ್ದು ಒಂದೂ ಸುಳ್ಳಲ್ಲ: ಬಟ್ಟೆ ಒಣಗುವುದಿಲ್ಲ, ಉಪ್ಪು ನಿಲ್ಲುವುದಿಲ್ಲ. ಮಳೆಗಾಲ ಬಂತೆಂದರೆ ಮಸ್ಕತ್ತಿನಿಂದ, ದುಬೈಯಿಂದ ನಮ್ಮ ಕಡೆಯವರು ಬರುತ್ತಾರೆ. ಗೆಳೆಯರಿಬ್ಬರೂ ಅವರನ್ನು ಗಾಡಿಗೆ ತುಂಬಿಕೊಂಡು ಗುಡ್ಡಕ್ಕೆ ಹೊರಡುತ್ತಾರೆ. ಬಂದ ಹೆಂಗಸರು ನಮ್ಮಿಬ್ಬರನ್ನು ನೋಡಿ, ಪಾಪ, ಇಂಥ ಊರಲ್ಲಿದ್ದೂ ನೀವು ಏನನ್ನೂ ನೋಡುವುದಿಲ್ಲವಲ್ಲ ಎಂದು ಮರುಗುತ್ತಾರೆ. ಏನು ಮಾಡುವುದು, ಮನೆಗೆಲಸ ಎಂದು ನಾವೂ ಮುಖ ಸಪ್ಪಗೆ ಮಾಡುತ್ತೇವೆ. ಗಾಡಿ ತಿರುವು ದಾಟಿದ್ದೇ ತಡ, ಜುಬೇದಾ ಬಾಗಿಲು ಹಾಕಿ ಮಂಡಕ್ಕಿಗೆ ಒಗ್ಗರಣೆ ಇಡುತ್ತಾಳೆ, ನಾನು ಮಿರ್ಚಿಗೆ ಹಿಟ್ಟು ಕಲಸುತ್ತೇನೆ. ಆಮೇಲೆ ಇಬ್ಬರೂ ಕಾಲು ಚಾಚಿ ಕೂತು ಮಾತಿಗೆ ಶುರು ಮಾಡಿದರೆ, ಹೊರಗೆ ಮಳೆಯೋ ಬಿಸಿಲೋ ನಮಗೆ ಗೊತ್ತೇ ಆಗುವುದಿಲ್ಲ.